ಹದಿನೇಳನೇ ಪ್ರತಿಯ ಕೊನೆಯ ಅಧ್ಯಾಯ

ಅಕ್ಕನ ಮನೆ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಭೂತಪ್ಪನವರೇ,

ಹಾಗೆ ಕರೆದರೆ ಈಗಲೂ ನಗು ಬರುತ್ತದೋ ಸಿಟ್ಟು ಬರುತ್ತದೋ ಗೊತ್ತಿಲ್ಲ. ಬಂದದ್ದು ಬರಲಿ. ನಿಮ್ಮ ಕಾಗದ ತಲುಪಿ ಎಂಟು ದಿನವಾಯಿತು. ನೀನು ಒಂದು ಮಾತೂ ಹೇಳದೆ ಮನೆ ಬಿಟ್ಟು ಹೋದೆ, ಹೀಗೆ ಮಾಡಬಾರದಿತ್ತು ಅಂತ ಬರೆದಿದ್ದೀರಿ. ಓದಿ ಮೈಯೆಲ್ಲ ಉರಿಯಿತು. ಅಕ್ಕನ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟೆ, ಮತ್ತೆ ತೆಗೆದೆ, ಮತ್ತೆ ಓದಿದೆ. ಕೊನೆಗೆ ಇವತ್ತು ಬರೆಯಲು ಕೂತಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ನಿಮ್ಮ ಪ್ರೀತಿಯ ದೆವ್ವದ ಕಾದಂಬರಿಯ ಹದಿನೇಳನೇ ನಂಬರಿನ ಪ್ರತಿಯಲ್ಲಿ ಕೊನೆಯ ಅಧ್ಯಾಯ ಇಲ್ಲ.

ಎದೆ ಧಸಕ್ಕೆಂದಿರಬೇಕು. ಕೂತುಕೊಳ್ಳಿ, ಸ್ವಲ್ಪ ನೀರು ಕುಡಿಯಿರಿ. ಆ ಕಾದಂಬರಿಯ ಹೊಸ ವಿಶೇಷ ಆವೃತ್ತಿಯ ನೂರೇ ನೂರು ಪ್ರತಿಗಳ ಕೆಲಸ ನಮ್ಮ ಬೈಂಡಿಂಗ್ ಅಂಗಡಿಗೆ ಬಂದಾಗ ಹೊಲಿಗೆಯೆಲ್ಲ ನನ್ನ ಪಾಲಿಗೇ ಬಿತ್ತು. ಕಪ್ಪು ಚರ್ಮದ ಹೊದಿಕೆ, ಕೈಯಲ್ಲಿ ಮಾಡಿದ ಕಾಗದ. ಮಡಿಸಿದ ಹಾಳೆಗಳ ಅಂಚು ಕತ್ತರಿಸದೆ ಹಾಗೇ ಬಿಡಬೇಕು. ಓದುವವರೇ ಚಾಕುವಿನಿಂದ ಒಂದೊಂದಾಗಿ ಪುಟ ಬಿಡಿಸಿಕೊಳ್ಳಬೇಕು. ಹದಿನಾರು ಪುಟಕ್ಕೆ ಒಂದು ಮಡಿಕೆ, ಕೊನೆಯ ಅಧ್ಯಾಯ ಪೂರ್ತಿ ಕೊನೆಯ ಮಡಿಕೆಯಲ್ಲೇ. ನಮ್ಮ ಮದುವೆಯ ತಾರೀಖು ಅಂತ ಹಠ ಹಿಡಿದು ನೀವು ಕೇಳಿದ ಆ ಪ್ರತಿಗೆ ಕೊನೆಯ ಮಡಿಕೆ ಹೊಲಿಯುವಾಗ, ಪುಸ್ತಕದ ದಪ್ಪ ನೋಡಲೆಂದು ಇಟ್ಟಿದ್ದ ಖಾಲಿ ಕಾಗದದ ಮಡಿಕೆ ಅದರ ಬದಲು ಸೇರಿಹೋಯಿತು. ಕೈತಪ್ಪು ಅಂತಿಟ್ಟುಕೊಳ್ಳಿ.

ನೀವು ಅದನ್ನು ತೂಗಿ ನೋಡಿದಿರಿ, ಚರ್ಮ ಮೂಸಿದಿರಿ, ಭೂತಗನ್ನಡಿ ಹಿಡಿದು ನನ್ನ ಹೊಲಿಗೆ ಎಣಿಸಿದಿರಿ. ಆಮೇಲೆ ನಮ್ಮ ಅಂಗಡಿ ಯಜಮಾನರಿಗೆ ಕಾಗದ ಬರೆದಿರಿ, ನನ್ನ ಸಂಗ್ರಹದಲ್ಲಿರುವ ಈ ಕಾದಂಬರಿಯ ಹನ್ನೊಂದು ಆವೃತ್ತಿಗಳಲ್ಲಿ ಇಷ್ಟು ಲೋಪವಿಲ್ಲದ್ದು ಇನ್ನೊಂದಿಲ್ಲ ಅಂತ. ಯಜಮಾನರು ಎಲ್ಲರ ಎದುರು ಅದನ್ನು ಓದಿದರು. ಅಂಟು ಹಚ್ಚುವ ಅಜ್ಜ ಚಪ್ಪಾಳೆ ತಟ್ಟಿ, ನಿನ್ ಗಂಡ ಭಾರೀ ರಸಿಕ ಕಣಮ್ಮ ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಮೊದಲು ನಮ್ಮ ಹತ್ತಿರ ಇದ್ದದ್ದು ರಟ್ಟು ಕಿತ್ತುಹೋದ ಒಂದೇ ಒಂದು ಪ್ರತಿ, ನೆನಪಿದೆಯಾ? ಮದುವೆಯಾದ ಹೊಸದರಲ್ಲಿ ನಾನು ತರಕಾರಿ ಹೆಚ್ಚುವಾಗ ನೀವು ಅಡುಗೆಮನೆ ಕಟ್ಟೆಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದುತ್ತಿದ್ದಿರಿ. ಕಥೆಯಲ್ಲಿ ಬಾವಿಯೊಳಗಿನ ಹೆಂಗಸು ಮೊದಲ ಸಲ ಕೆಮ್ಮಿದಾಗ ನಾನು ಕಿಟಾರನೆ ಕಿರುಚಿ ಚಾಕು ಬಿಸಾಡಿದ್ದೆ. ಅವತ್ತಿನಿಂದ ನಾನು ಪುಕ್ಕಲಿ, ನೀವು ಭೂತಪ್ಪ. ಕೊನೇ ಅಧ್ಯಾಯ ಈಗ ಬೇಡ ಕಣೆ, ನಿದ್ದೆಗೆಡ್ತೀಯ, ಧೈರ್ಯ ಬಂದ ಮೇಲೆ ಓದೋಣ ಅಂದಿರಿ. ಅಷ್ಟರಲ್ಲಿ ಮೊದಲ ವಿಶೇಷ ಆವೃತ್ತಿ ಮನೆಗೆ ಬಂತು. ಆಮೇಲೆ ಗಾಜಿನ ಬೀರು ಬಂತು, ಬೀಗ ಬಂತು, ಬಿಳಿ ಕೈಗವಸು ಬಂತು. ಹಳೇ ಪ್ರತಿಯನ್ನು ಯಾರಿಗೋ ಕೊಟ್ಟುಬಿಟ್ಟಿರಿ.

ಹದಿನಾಲ್ಕು ವರ್ಷವಾಯಿತು. ತೊಂಬತ್ತೊಂಬತ್ತು ಪ್ರತಿಗೆ ಆ ಅಧ್ಯಾಯ ಹೊಲಿದಿದ್ದೇನೆ, ಒಂದಕ್ಷರ ಓದಿಲ್ಲ. ನೀವೇ ಓದಿ ಹೇಳುತ್ತೀರಿ ಅಂತ ಉಳಿಸಿಕೊಂಡಿದ್ದೆ. ಹುಚ್ಚು ನನ್ನದು.

ನಿಮ್ಮ ಪುಸ್ತಕಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವುಗಳ ಅಂದ ನನಗೂ ಗೊತ್ತು, ಅದೇ ನನ್ನ ಅನ್ನ. ಆದರೆ ನೀವು ಊಟಕ್ಕೆ ಕೂತಾಗಲೂ ಬೀರುವಿನ ಕಡೆಗೇ ಮುಖ ಮಾಡುತ್ತಿದ್ದಿರಿ. ನಾನು ಏನಾದರೂ ಹೇಳಿದರೆ ಹೂಂ ಅನ್ನುತ್ತಿದ್ದಿರಿ, ಏನಂದೆ ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ನನಗೆ ನೀವು ಬೇಕು. ನಿಮ್ಮ ದನಿ ಬೇಕು.

ಆ ಹದಿನಾರು ಪುಟ ನನ್ನ ಹತ್ತಿರವೇ ಇವೆ, ಅಂಚು ಕತ್ತರಿಸದೆ. ಅಂಚೆಯಲ್ಲಿ ಕಳಿಸುವುದಿಲ್ಲ. ಬೇಕಿದ್ದರೆ ಬನ್ನಿ. ಬರುವಾಗ ಚಾಕು ತನ್ನಿ, ಕೈಗವಸು ಬೇಡ. ಅಕ್ಕನ ಅಡುಗೆಮನೆಯಲ್ಲೂ ಕಟ್ಟೆ ಇದೆ.

ಇನ್ನೂ ಧೈರ್ಯ ಬಾರದ,
ನಿಮ್ಮ ಪುಕ್ಕಲಿ

ಇನ್ನೊಂದು ಮಾತು: ಕೈತಪ್ಪು ಅಂದದ್ದು ಸುಳ್ಳು. ಬೇಕೆಂದೇ ಹೊಲಿದೆ. ಆ ಮಡಿಕೆ ಪೂರ್ತಿ ಖಾಲಿಯೂ ಅಲ್ಲ. ಒಳಗಿನ ಪುಟದಲ್ಲಿ ನನ್ನ ಕೈಬರಹ ಇದೆ: ಇದನ್ನು ಓದಿದ ದಿನ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಲ್ಲದಿದ್ದರೆ ನಾನು ಅಕ್ಕನ ಮನೆಗೆ ಹೋಗುತ್ತೇನೆ. ಪುಸ್ತಕ ನಿಮ್ಮ ಕೈಸೇರಿದ ಮೇಲೆ ನಲವತ್ತು ದಿನ ಕಾದೆ. ನಾನು ಹೇಳದೆ ಹೋಗಲಿಲ್ಲ ರೀ.