ನಮ್ಮ ಮನೆಗೇ ಯಾಕೆ ಬಂದ

ಮಾರ್ಚ್ 4, ಬೆಳಿಗ್ಗೆ 10

ಇವತ್ತೂ ಮೇಕಪ್ ಕುರ್ಚಿಯಲ್ಲಿ ಮೊದಲ ಮುಖ ಗೃಹ ಮಂತ್ರಿಗಳದ್ದೇ. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಬಾಂಬ್, ಇವತ್ತು ನಮ್ಮ ಚಾನೆಲ್ಲಿನಲ್ಲಿ ಲೈವ್. "ಕಣ್ಣಿನ ಕೆಳಗಿನ ಕಪ್ಪು ಮುಚ್ಚಬೇಡಮ್ಮ. ನಿದ್ದೆಗೆಟ್ಟ ಹಾಗೆ ಕಾಣ್ಲಿ." ಕಪ್ಪು ಎಲ್ಲಿತ್ತು? ನಾನೇ ಬಳಿದೆ. ಆಮೇಲೆ ಕ್ಯಾಮೆರಾ ಮುಂದೆ ಗುಡುಗಿದರು — "ಮನೆ ಮನೆ ಜಾಲಾಡ್ತೀವಿ."

ಮಾರ್ಚ್ 6

ಜಾಲಾಡಿದರು. ನಮ್ಮ ಮನೆಯನ್ನು.

ತಮ್ಮ ಸಿಟಿ ಬಸ್ ಕಂಡಕ್ಟರ್. ಬಾಂಬ್ ಸಿಡಿದಾಗ ಗಾಯಾಳುಗಳನ್ನು ಹೊತ್ತು ಆಂಬುಲೆನ್ಸಿಗೆ ಹಾಕಿದವನು. ಅವನ ಅಂಗಿ ಕಲೆ ಹೋಗದೆ ಇನ್ನೂ ಬಕೆಟ್ಟಿನಲ್ಲಿ ನೆನೆದಿತ್ತು. "ರಕ್ತ ಯಾಕೆ ತೊಳೀತಿದ್ರಿ?" ಎಂದ ಇನ್‌ಸ್ಪೆಕ್ಟರ್.

"ರಕ್ತ ಆದ ಬಟ್ಟೆ ತೊಳೀದೆ ಇಸ್ತ್ರಿ ಮಾಡ್ತಾರೇನಪ್ಪ?" ಎಂದಳು ಅಮ್ಮ.

ತಮ್ಮನನ್ನು ಎಳೆದುಕೊಂಡು ಹೋದರು. ಹೊಸ ಕಾನೂನಂತೆ. ವಕೀಲರೂ ನೋಡುವ ಹಾಗಿಲ್ಲವಂತೆ.

ಮಾರ್ಚ್ 13

ಮಂತ್ರಿಗಳು ಮತ್ತೆ ಬಂದಿದ್ದರು. ಬ್ರಷ್ ಹಿಡಿದುಕೊಂಡೇ ತಮ್ಮನ ವಿಷಯ ಹೇಳಿದೆ.

"ತಪ್ಪು ಮಾಡಿಲ್ಲ ಅಂದ್ರೆ ಬಿಟ್ಟೇ ಬಿಡ್ತಾರಮ್ಮ."

"ಯಾವಾಗ ಸರ್?"

"ಮೂಗು ಹೊಳೀತಿದೆ ನೋಡು."

ಪೌಡರ್ ಹಚ್ಚಿದೆ. ನನ್ನ ಕೈ ಸೇದಿಹೋಗಬಾರದಿತ್ತೆ…

ಏಪ್ರಿಲ್ 9

ತಮ್ಮನನ್ನು ಬಿಟ್ಟರು. ತಪ್ಪಿಲ್ಲವಂತೆ. ಒಂದು ಕ್ಷಮೆಯ ಮಾತೂ ಇಲ್ಲ. ಅವನಿಗೆ ಎಡಗಿವಿ ಕೇಳುತ್ತಿಲ್ಲ. ಊಟಕ್ಕೆ ಕರೆದರೂ ಗೋಡೆಗೇ ಮುಖ. ಡ್ಯೂಟಿಗೆ ಸದ್ಯಕ್ಕೆ ಬರಬೇಡ ಎಂದಿದ್ದಾರೆ ಡಿಪೋದವರು.

ಏಪ್ರಿಲ್ 15, ಸಂಜೆ

ಯಾರೋ ಬಂದಿದ್ದ. ಒಗೆದ ಬಟ್ಟೆ, ಕೈಯಲ್ಲಿ ಸೇಬು, ಬಹಳ ಮರ್ಯಾದೆಯ ಮಾತು. "ನಿಮ್ಮ ತಮ್ಮನಿಗೆ ಆಗಿದ್ದು ಅನ್ಯಾಯ. ಅವನ ಜೊತೆ ನಾವಿದ್ದೀವಿ."

ನಾವು ಅಂದರೆ? ನೇರವಾಗಿ ಕೇಳಿದೆ. "ಬಸ್ ಸ್ಟ್ಯಾಂಡಿನದು ನಿಮ್ಮದೇನಾ?"

"ಅದಾಗದೆ ಇದ್ದಿದ್ರೆ ಸರ್ಕಾರದ ನಿಜ ಮುಖ ನಿಮಗೆ ಕಾಣ್ತಿತ್ತಾ ಅಕ್ಕ?"

ಅಕ್ಕ ಅಂತೆ. ಅಂದರೆ ಬಾಂಬಿಟ್ಟಿದ್ದೇ ಇದಕ್ಕೆ. ಪೊಲೀಸರು ನಮಗೆ ಹೊಡೆಯಬೇಕು, ನಾವು ಕುದಿಯಬೇಕು, ಕುದ್ದವರು ಬಾಂಬಿಟ್ಟವರ ಕಡೆ ಹೋಗಬೇಕು. ಅವರು ಗಾಳ ಹಾಕಿದರು, ಸರ್ಕಾರದವರು ಬಾಯಿ ತೆರೆದು ಕಚ್ಚಿದರು. ಎರೆಹುಳು ನಾವು.

ಸೇಬು ಮೆಟ್ಟಿಲ ಮೇಲೆ ಎಸೆದೆ. ನಾಳೆ ಬರ್ತೀನಿ ಅಂದು ಹೋದ, ನಗುತ್ತಲೇ.

ಏಪ್ರಿಲ್ 16, ಬೆಳಿಗ್ಗೆ

ಸ್ಟೇಷನ್ನಿಗೆ ಹೋಗಿ ಹೇಳ್ತೀನಿ ಅಂದೆ. ತಮ್ಮ ನಕ್ಕ. ಬಿಡುಗಡೆಯಾಗಿ ಬಂದ ಮೇಲೆ ನಕ್ಕಿದ್ದು ಇದೇ ಮೊದಲು.

"ಅವನು ನಿಮ್ಮ ಮನೆಗೇ ಯಾಕೆ ಬಂದ ಅಂತಾರೆ. ಏನಂತೀಯ?"

ಆದರೂ ಹೊರಟೆ. ಸುಮ್ಮನಿದ್ದರೆ ಇನ್ನೊಂದು ಬಸ್ ಸ್ಟ್ಯಾಂಡ್. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಳಲಿಲ್ಲ, ಬಿಡಲೂ ಇಲ್ಲ.

ಆಗ ತಮ್ಮ ಎದ್ದ. "ಸರಿ ಅಮ್ಮ. ನಾನೂ ಹೋಗ್ತೀನಿ. ಒಂದು ಮಗು ನನ್ನ ತೋಳಲ್ಲೇ ಪ್ರಾಣ ಬಿಡ್ತು. ಅದನ್ನ ಇಬ್ಬರಿಗೂ ಹೇಳೋದಿದೆ, ಪೊಲೀಸ್ನೋರಿಗೂ, ಆ ಸೇಬಿನವನಿಗೂ."

ಬೂಟು ಹಾಕಿಕೊಳ್ಳುತ್ತಿದ್ದಾನೆ. ಲೇಸ್ ಕಟ್ಟಲು ಏಟು ತಿಂದ ಬೆರಳು ಮಡಚಲು ಆಗುತ್ತಿಲ್ಲ… ಕೆಳಗೆ ಯಾರೋ ಗೇಟು ತೆಗೆದ ಸದ್ದು. ಅಮ್ಮ ಕಿಟಕಿಗೆ ಹೋದಳು. "ಅದೇ ಸೇಬಿನವನು" ಎಂದು ಬಾಗಿಲ ಚಿಲಕ ಹಾಕಿದಳು. ಪೆನ್ನು ಇಟ್ಟು ಲೇಸ್ ನಾನೇ ಕಟ್ತೀನಿ.