ಕೆಂಪು ಚುಕ್ಕೆಯ ಲೋಟ

ಹೊಲಿಗೆ ಅಂಗಡಿಯ ಮೇಲಿನ ಕೋಣೆ,
ಜೂನ್ ೯, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಮಾತ್ರೆ ತಪ್ಪಿಸಿಲ್ಲ. ವೈರಸ್ ಈಗ ರಕ್ತಪರೀಕ್ಷೆಗೂ ಸಿಗದಷ್ಟು ಇಳಿದಿದೆ ಎಂದು ಡಾಕ್ಟರ್ ಹೇಳಿದರು. ಅಂಗಡಿಯಲ್ಲಿ ಶಾಲೆ ಸಮವಸ್ತ್ರದ ರಾಶಿ ಬಿದ್ದಿದೆ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಎಚ್‌ಐವಿ ಇರುವ ನಾವೆಲ್ಲ ವಾರಕ್ಕೊಮ್ಮೆ ಸೇರುತ್ತೇವೆ ಎಂದು ಬರೆದಿದ್ದೆನಲ್ಲ. ನಡೆಸುವವರೂ ನಮ್ಮಂಥವರೇ, ನಿವೃತ್ತ ಬಸ್ ಕಂಡಕ್ಟರ್. ಹೊಸಬರು ಹೊಸ್ತಿಲಲ್ಲೇ ನಿಂತರೆ, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಖಾಲಿ ಇದೆ" ಅನ್ನುತ್ತಾರೆ. ಮೊದಲ ದಿನ ಚಹಾ ಬಂದಾಗ ನಾನು ಚೀಲದಿಂದ ನನ್ನ ಲೋಟ ತೆಗೆದೆ. ಮನೆ ಬಿಡುವಾಗ, "ಬೇರೆಯವರ ಲೋಟ ಮುಟ್ಬೇಡಪ್ಪಾ" ಎಂದು ನೀನೇ ತಳಕ್ಕೆ ಕೆಂಪು ಚುಕ್ಕೆ ಇಟ್ಟು ಕೊಟ್ಟದ್ದು. ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಕಂಡಕ್ಟರ್ ಎದ್ದು ಕಪಾಟು ತೆರೆದರು. ಒಳಗೆ ಅಂಥವೇ ಲೋಟಗಳು. ಒಂದರ ಕಂಠಕ್ಕೆ ದಾರ, ಒಂದರ ಮೈಮೇಲೆ ಗೀರು, ಇನ್ನೊಂದಕ್ಕೆ ಉಗುರುಬಣ್ಣ. ಮೊದಲ ದಿನ ಎಲ್ಲರೂ ಮನೆಯಿಂದ ತಮ್ಮ ಲೋಟ ತಂದವರೇ. ಅಲ್ಲಿ ಅವನ್ನೆಲ್ಲ ಒಟ್ಟಿಗೆ ತೊಳೆದಿಡುತ್ತಾರೆ, ಕೈಗೆ ಸಿಕ್ಕಿದ್ದರಲ್ಲಿ ಕುಡಿಯುತ್ತಾರೆ. ನನ್ನದೂ ಅದರಲ್ಲಿ ಸೇರಿತು.

ಮೊನ್ನೆ ಒಬ್ಬರು ಟೀಚರಮ್ಮ ಹೊಸದಾಗಿ ಬಂದರು, ಚೀಲದಲ್ಲಿ ಲೋಟ ಬಚ್ಚಿಟ್ಟುಕೊಂಡೇ. ಚಹಾ ಹಂಚುವ ಸರದಿ ನನ್ನದು. ಚುಕ್ಕೆಯ ಲೋಟವೇ ಅವರ ಪಾಲಿಗೆ ಬಂತು. "ಇದು ಯಾರದು?" ಅಂದರು. "ನಮ್ಮಮ್ಮ ಕೊಟ್ಟಿದ್ದು, ಕುಡೀರಿ" ಅಂದೆ. ಅಳುತ್ತಲೇ ಕುಡಿದರು. ನನಗೂ ತಡೆಯಲಾಗಲಿಲ್ಲ. ಆ ಚುಕ್ಕೆಯನ್ನು ನೀನು ಹೆದರಿ ಇಟ್ಟದ್ದು, ಅಕ್ಕರೆ ಇಲ್ಲದೆ ಅಲ್ಲ, ಅದು ಗೊತ್ತು. ಆದರೂ ನೋವಾಗಿತ್ತಮ್ಮಾ. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಇನ್ನೆಷ್ಟು ದಿನ ಬರೆಯಲಿ?

ಅಪ್ಪನಿಗೆ ನಮಸ್ಕಾರ. ತಂಗಿಯ ಮಗುವಿಗೆ ಮುದ್ದು. ಅದರ ಅಳತೆ ಕಳಿಸಲು ಹೇಳು, ಅಂಗಿ ಹೊಲಿಯುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ದರ್ಜಿ ಮಗ

ತಾ.ಕ.: ಬರುವ ಶನಿವಾರ ಮನೆಗೆ ಬರುತ್ತಿದ್ದೇನೆ. ಲೋಟ ತರುವುದಿಲ್ಲ, ಅದು ಇಲ್ಲಿ ಬೇಕು. ಮನೆಯಲ್ಲಿ ನಿನ್ನ ಕೈಗೆ ಯಾವುದು ಸಿಗುತ್ತದೋ ಅದರಲ್ಲೇ ಚಹಾ ಕೊಡು.