ಮೇಡಂ ಹೇಳಿದ ಸೊಪ್ಪು

ಆಹಾರ ತಜ್ಞೆ ಮೇಡಂ ಅವರಿಗೆ,

ಮಗುವಾಗಲೆಂದು ನಿಮ್ಮ ಸಲಹೆ ಪಡೆಯುತ್ತಿರುವ ಬೇಕರಿಯವರ ಹೆಂಡತಿ ನಾನು. ಮದುವೆಯಾದಾಗಿನಿಂದ ಸೊಪ್ಪು ತಿನ್ನಿ ಎಂದು ಗೋಗರೆದಿದ್ದೇನೆ. “ನಾನೇನು ದನವೇನೇ?” ಎನ್ನುತ್ತಿದ್ದರು. ನೀವು ಒಂದೇ ಭೇಟಿಯಲ್ಲಿ ತಿನ್ನಿಸಿಬಿಟ್ಟಿರಿ! ಈಗ ಕೂತರೂ ನಿಂತರೂ ನಿಮ್ಮದೇ ಜಪ. “ಅಪ್ಪ ತಿಂದದ್ದರ ಗುರುತು ವೀರ್ಯದಲ್ಲಿ ಉಳಿದು ಮಗುವಿಗೂ ಹೋಗಬಹುದಂತೆ ಕಣೇ, ಮೇಡಂ ಹೇಳಿದ್ರು” ಎನ್ನುತ್ತಾ, ತಾವೇ ಬೇಯಿಸಿದ ಬಿಸ್ಕತ್ತನ್ನೂ ಮುಟ್ಟುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ ಮೇಡಂ, ಸುಳ್ಳೇಕೆ ಹೇಳಲಿ?

ಮುಂದಿನ ಸಲ ಅವರು ನಿಮ್ಮಲ್ಲಿಗೆ ಬಂದಾಗ ಇದೊಂದನ್ನೂ ನಿಮ್ಮ ಬಾಯಿಂದಲೇ ಹೇಳಿಬಿಡಿ: ಮಗು ಆಗದಿದ್ದರೂ ಹೆಂಡತಿ ಬಿಟ್ಟು ಹೋಗುವುದಿಲ್ಲ. ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ.

ನನ್ನ ಮಾತು ನಡೆಯದ ಮನೆಯಿಂದ,
ಅವರ ಹೆಂಡತಿ